ಮಲೆನಾಡಿನಲ್ಲಿ ನಮಗೊಪ್ಪುವ ಧಾರ್ಮಿಕ ಬಳಗ ಹುಡುಕುವುದು ಹೇಗೆ?

ದೇವರು ಬೇಡ ಅನ್ನಿಸುವುದಿಲ್ಲ. ಆದರೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದನ್ನೆಲ್ಲ ಹಾಗೇ ಒಪ್ಪಿಕೊಳ್ಳಲೂ ಆಗುವುದಿಲ್ಲ. ಜಾತಿ ಕೇಳಿ ಪಂಕ್ತಿ ಬದಲಿಸುವ ಕಡೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಬೇರೆ ಧರ್ಮದವರನ್ನು ಬೈಯುವ ಪ್ರವಚನ ಕೇಳಿ ಅರ್ಧಕ್ಕೇ ಎದ್ದು ಬಂದಿರುತ್ತೀರಿ. ಹಾಗಂತ ಒಬ್ಬರೇ ಕೂತು ಪುಸ್ತಕ ಓದುತ್ತಾ ಇದ್ದರೆ ಸಾಕಾಗುವುದಿಲ್ಲ. ಒಟ್ಟಿಗೆ ಕೂತು ಪ್ರಾರ್ಥನೆ ಮಾಡಲು, ಕಷ್ಟ ಬಂದಾಗ ಬಾಗಿಲು ತಟ್ಟಲು ನಾಲ್ಕು ಜನ ಬೇಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಇಂಥ ಮನಸ್ಸಿನವರು ಬೇಕಾದಷ್ಟಿದ್ದಾರೆ. ಒಬ್ಬರಿಗೊಬ್ಬರು ಸಿಕ್ಕಿಲ್ಲ, ಅಷ್ಟೇ. ಈ ಬರಹ ಅವರಿಗಾಗಿ.

ಉದಾರ ಧರ್ಮ ಅಂದರೆ ನಾನು ಇಲ್ಲಿ ಹೇಳುತ್ತಿರುವುದು ಇಷ್ಟು: ಪ್ರಶ್ನೆಗೆ ಜಾಗ ಇರಬೇಕು, ಬೇರೆಯವರ ದಾರಿಗೂ ಗೌರವ ಇರಬೇಕು, ಹುಟ್ಟಿನ ಮೇಲೆ ಯಾರನ್ನೂ ಅಳೆಯಬಾರದು. ಇದನ್ನು ಯಾರೂ ಬೋರ್ಡ್ ಬರೆದು ನೇತುಹಾಕುವುದಿಲ್ಲ. ಆದ್ದರಿಂದ ಬೋರ್ಡ್ ನೋಡಿ ಹುಡುಕಬೇಡಿ. ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ಹುಡುಕಬೇಕು.

ಅಳತೆಗೋಲು ನಮ್ಮಲ್ಲೇ ಇದೆ

ಶಿಕಾರಿಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಬಳ್ಳಿಗಾವಿ ಇದೆ. ಅಲ್ಲಮಪ್ರಭುವಿನ ಊರು. ಅಕ್ಕಮಹಾದೇವಿಯ ಉಡುತಡಿ ಕೂಡ ಅದೇ ತಾಲ್ಲೂಕಿನಲ್ಲಿದೆ. ಬಳ್ಳಿಗಾವಿಯಲ್ಲಿ ಒಂದು ಕಾಲಕ್ಕೆ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಅಂತ ಐದು ಮಠಗಳಿದ್ದವು. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನ ಹೇಳುತ್ತದೆ. ಅದು ಕಾಳಾಮುಖ ಶೈವರ ಮಠ. ಆದರೂ ಅಲ್ಲಿ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ಬಡವರು, ಕುಂಟರು, ಕುರುಡರು, ಹಾಡುವವರು, ದಿಗಂಬರ ಸನ್ಯಾಸಿಗಳು, ಯಾವ್ಯಾವುದೋ ದೇಶದಿಂದ ಬಂದ ಭಿಕ್ಷುಕರು, ಎಲ್ಲರಿಗೂ ಅಲ್ಲಿ ಊಟ ಇತ್ತು. ರೋಗಿಗಳಿಗೆ ಔಷಧ ಇತ್ತು. ಎಲ್ಲ ಜೀವಿಗಳಿಗೂ ಅದು ಅಭಯದ ಜಾಗ ಅಂತ ಶಾಸನ ಹೇಳುತ್ತದೆ.

ಊಟ, ಆರೈಕೆ, ಇನ್ನೊಬ್ಬರ ವಿಚಾರದ ಓದು, ಹೆದರಿಕೆ ಇಲ್ಲದಿರುವುದು. ನೀವು ಯಾವ ಮಠಕ್ಕೆ, ಚರ್ಚಿಗೆ, ಆಶ್ರಮಕ್ಕೆ, ಸತ್ಸಂಗಕ್ಕೆ ಹೋದರೂ ಈ ನಾಲ್ಕು ಇದೆಯಾ ಅಂತ ನೋಡಿ. ಇದನ್ನು ಹೊರಗಿನಿಂದ ಯಾರೋ ತಂದು ಹೇರಿದ್ದಲ್ಲ. ಎಂಟು ನೂರು ವರ್ಷದ ಹಿಂದೆ ನಮ್ಮ ಜಿಲ್ಲೆಯವರೇ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದು.

ಹೆಜ್ಜೆ 1: ಏನು ಬೇಕು, ಏನು ಸಹಿಸಲಾರೆ ಅಂತ ಬರೆದುಕೊಳ್ಳಿ

ಒಂದು ಹಾಳೆ ಸಾಕು. ಒಂದು ಕಡೆ ಬೇಕಾದ್ದು: ಭಜನೆಯಾ, ಮೌನವಾ, ಚರ್ಚೆಯಾ, ಸೇವೆಯಾ? ಇನ್ನೊಂದು ಕಡೆ ಸಹಿಸಲು ಆಗದ್ದು: ಪಂಕ್ತಿಭೇದ, ಮುಟ್ಟಿನ ಹೆಸರಲ್ಲಿ ಹೊರಗೆ ಕೂರಿಸುವುದು, ಒಬ್ಬ ಗುರು ಹೇಳಿದ್ದೇ ಕೊನೆ ಮಾತು ಅನ್ನುವುದು. ಮನೆಯವರನ್ನೂ ಕರೆದುಕೊಂಡು ಹೋಗುತ್ತೀರಾ ಅಂತಲೂ ಬರೆಯಿರಿ. ಮಕ್ಕಳಿದ್ದರೆ ಆಯ್ಕೆ ಬದಲಾಗುತ್ತದೆ. ಬೇರೆ ಜಾತಿ, ಬೇರೆ ಧರ್ಮದವರನ್ನು ಮದುವೆಯಾಗಿದ್ದರೆ ಇಬ್ಬರಿಗೂ ಕೂರಲು ಜಾಗ ಇರುವಂಥದ್ದೇ ಬೇಕು.

ಮನೆದೇವರನ್ನು, ಬನದ ಚೌಡಿಯನ್ನು ಬಿಡಬೇಕಾ ಅನ್ನುವ ಚಿಂತೆ ಕೆಲವರಿಗೆ ಇರುತ್ತದೆ. ಬಿಡಬೇಕಾಗಿಲ್ಲ. ಬಿಡಲೇಬೇಕು ಅಂತ ಮೊದಲ ದಿನವೇ ಯಾರಾದರೂ ಹೇಳಿದರೆ ಆ ಜಾಗದ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಹೆಜ್ಜೆ 2: ಸುತ್ತಮುತ್ತ ಏನಿದೆ ನೋಡಿ

ಮೊದಲು ಬಸವ ತತ್ವದ ಬಳಗಗಳು. ಶಿವಮೊಗ್ಗದಲ್ಲಿ ಬಸವ ಕೇಂದ್ರ ಇದೆ, ಬೆಕ್ಕಿನ ಕಲ್ಮಠ ಇದೆ, ಸಾಗರ ತಾಲ್ಲೂಕಿನ ಆನಂದಪುರದಲ್ಲಿ ಮುರುಘಾಮಠ ಇದೆ. ಶಿವಾನುಭವ ಗೋಷ್ಠಿ, ವಚನ ಚಿಂತನೆ ಅಂತ ಎಲ್ಲಿ ನಡೆದರೂ ಹೋಗಿ ಕೂರಿ. ಗೋಷ್ಠಿಗೆ ಯಾರು ಬೇಕಾದರೂ ಬರಬಹುದು. ವಚನ ಚಳವಳಿಯ ಮೂಲದಲ್ಲೇ ಪ್ರಶ್ನೆ ಇದೆ. ಅನುಭವ ಮಂಟಪದ ಮಾದರಿ ಅಂದರೆ ಒಟ್ಟಿಗೆ ಕೂತು ಮಾತಾಡುವುದೇ ಅಲ್ವಾ. ಆದರೆ ನೋಡಬೇಕಾದ್ದು ಒಂದಿದೆ. ಸಭೆಗೆ ಬಂದವರಲ್ಲಿ ಒಂದೇ ಸಮುದಾಯದವರು ಇದ್ದಾರಾ, ಎಲ್ಲರೂ ಇದ್ದಾರಾ? ವೇದಿಕೆಯ ಮಾತಿಗಿಂತ ಕುರ್ಚಿಗಳ ಮೇಲೆ ಕೂತವರು ಹೆಚ್ಚು ಹೇಳುತ್ತಾರೆ.

ನಾರಾಯಣ ಗುರುಗಳ ದಾರಿಯವರು ಇನ್ನೊಂದು ಬಳಗ. ಮಲೆನಾಡಿನ ಈಡಿಗ ಸಮಾಜದಲ್ಲಿ ಅವರ ಮಾತಿಗೆ ದೊಡ್ಡ ಬೆಲೆ ಇದೆ. 1888ರಲ್ಲಿ ಕೇರಳದ ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿ ಪೂಜೆಯ ಹಕ್ಕು ಎಲ್ಲರದು ಅಂತ ಅವರು ತೋರಿಸಿದರು. 1924ರಲ್ಲಿ ಆಲುವದಲ್ಲಿ ಸರ್ವಧರ್ಮ ಸಮ್ಮೇಳನ ಮಾಡಿದರು. ವಾದ ಮಾಡಿ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಮತ್ತು ತಿಳಿಸುವುದಕ್ಕೆ ಅನ್ನುವುದು ಆ ಸಮ್ಮೇಳನದ ನಿಯಮ. ಜಯಂತಿಯ ಮೆರವಣಿಗೆ ಒಂದೇ ಅಲ್ಲದೆ ಓದು, ಚರ್ಚೆ ನಡೆಸುವ ಗುಂಪು ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ವಿಚಾರಿಸಿ.

ಕುಪ್ಪಳಿಯ ಕುವೆಂಪು ಹೇಳಿದ ವಿಶ್ವಮಾನವ ವಿಚಾರವನ್ನು ಒಂದು ಮತವಾಗಿ ಯಾರೂ ಕಟ್ಟಿಲ್ಲ. ಹಾಗೆ ಕಟ್ಟುವುದು ಅವರಿಗೆ ಇಷ್ಟವೂ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಆದರೆ ತೀರ್ಥಹಳ್ಳಿ ಕಡೆ ಅವರ ವಿಚಾರ ಒಪ್ಪಿ ಬದುಕುವ ಮನೆಗಳಿವೆ. ಅವರು ತೋರಿಸಿದ ಮಂತ್ರ ಮಾಂಗಲ್ಯದ ಸರಳ ಮದುವೆಗೆ ಹೋದಾಗ ಪಕ್ಕದಲ್ಲಿ ಕೂತವರ ಜೊತೆ ಮಾತಾಡಿ. ಅರ್ಧ ಬಳಗ ಅಲ್ಲೇ ಸಿಗುತ್ತದೆ.

ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಆಗಿದ್ದು. ಪ್ರಸಾದ ಕೊಡುವ ಹೊತ್ತಿಗೆ ಮಾತ್ರ ಎದ್ದು ಸಾಲಿಗೆ ಹೋಗಬೇಡಿ. ಅದು ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕರಿಗೆ. ಸುಮ್ನೆ ಕೂತಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ ಇದೆ. ಹೆಸರು ನೋಡಿ ನಿರ್ಧಾರ ಮಾಡಬೇಡಿ, ಒಂದು ಭಾನುವಾರ ಪ್ರಸಂಗ ಕೇಳಿ ನೋಡಿ.

ಮಸೀದಿಗಳಲ್ಲಿ ಈಗ ಹಲವು ಕಡೆ ಬೇರೆ ಧರ್ಮದವರನ್ನು ಕರೆದು ತೋರಿಸುವ ಮಸೀದಿ ದರ್ಶನ ಕಾರ್ಯಕ್ರಮ ಮಾಡುತ್ತಾರೆ. ಆ ದಿನ ಹೋಗುವುದು ಸುಲಭ. ಹೆಂಗಸರಿಗೆ ಒಳಗೆ ಜಾಗ ಇದೆಯಾ ಅಂತ ಮೊದಲೇ ಕೇಳಿ, ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ದರ್ಗಾ, ಭೂತರಾಯ, ಚೌಡೇಶ್ವರಿ ಒಂದೇ ಕಡೆ. ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಸಿದ್ಧಾಂತದ ಭಾಷಣ ಇಲ್ಲದೇ ಜನ ಹೇಗೆ ಒಟ್ಟಿಗೆ ನಡೆದುಕೊಳ್ಳುತ್ತಾರೆ ಅಂತ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಹರಕೆಯ ಜಾಗದಲ್ಲಿ ಜನ ಬಂದು ಹೋಗುತ್ತಾರೆ, ವಾರ ವಾರ ಸೇರುವ ಬಳಗ ಸಿಗುವುದು ಕಷ್ಟ. ಬಾಬಾಬುಡನ್‌ಗಿರಿಗೂ ಎರಡೂ ಕಡೆಯವರು ನಡೆದುಕೊಂಡು ಬಂದಿದ್ದಾರೆ. ಅಲ್ಲಿ ಬಹಳ ವರ್ಷದಿಂದ ವಿವಾದ ಇರುವುದರಿಂದ ಬಳಗ ಹುಡುಕಿಕೊಂಡು ಅಲ್ಲಿಗೆ ಹೋಗಿ ಅಂತ ನಾನು ಹೇಳುವುದಿಲ್ಲ.

ಹೊಸನಗರ ತಾಲ್ಲೂಕಿನ ಹುಂಚದ ಜೈನ ಮಠ, ರಾಮಕೃಷ್ಣ ಪರಂಪರೆಯ ಆಶ್ರಮಗಳು, ಮುಂಡಗೋಡಿನಲ್ಲಿ 1966ರಲ್ಲಿ ಶುರುವಾದ ಟಿಬೆಟಿಯನ್ ನೆಲೆ, ಅಂಬೇಡ್ಕರ್ 1956ರಲ್ಲಿ ತೋರಿಸಿದ ಬೌದ್ಧ ದಾರಿಯಲ್ಲಿ ನಡೆಯುವ ಗುಂಪುಗಳು: ಇವನ್ನೂ ಪಟ್ಟಿಗೆ ಹಾಕಿಕೊಳ್ಳಿ. ಪಟ್ಟಿ ಉದ್ದ ಆದರೆ ತೊಂದರೆ ಇಲ್ಲ. ಅದರಲ್ಲಿ ಎರಡು ಮೂರನ್ನು ಮಾತ್ರ ಹತ್ತಿರದಿಂದ ನೋಡಿ.

ಹೆಜ್ಜೆ 3: ಹೋಗುವ ಮುಂಚೆ ಒಂದು ಮಾತು ಕೇಳಿ

ಗುರುತಿನವರು ಇದ್ದರೆ ಅವರ ಮೂಲಕ, ಇಲ್ಲದಿದ್ದರೆ ನೇರವಾಗಿ ಹೋಗಿ. ಹೀಗೆ ಕೇಳಿದರೆ ಸಾಕು: "ನಮಸ್ಕಾರ ಸ್ವಾಮಿ, ನಾನು ಸಾಗರದಿಂದ ಬಂದಿದ್ದೇನೆ. ನಿಮ್ಮ ಪ್ರಾರ್ಥನೆ ನೋಡಬೇಕು, ಮಾತು ಕೇಳಬೇಕು ಅಂತ ಆಸೆ. ಹೊರಗಿನವರು ಬಂದು ಕೂರಬಹುದಾ? ಬಟ್ಟೆ, ಊಟ, ಕೂರುವ ಜಾಗಕ್ಕೆ ಏನಾದರೂ ನಿಯಮ ಇದೆಯಾ?" ಚರ್ಚಿನಲ್ಲಾದರೆ ಫಾದರ್ ಅನ್ನಿ. ಮಠದಲ್ಲಾದರೆ ಸ್ವಾಮೀಜಿಗಿಂತ ಮೊದಲು ಅಲ್ಲಿನ ಮ್ಯಾನೇಜರ್ ಅಥವಾ ಅಡುಗೆಯವರ ಹತ್ತಿರ ಮಾತಾಡಿ. ಇರುವ ವಿಷಯ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ನಮ್ಮ ಕಡೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಯಾರ ಮನೆಯವರು? ಯಾವ ಪೈಕಿ?" ಕೇಳಿದ ಕೂಡಲೇ ಸಿಟ್ಟಾಗಬೇಡಿ. ವಯಸ್ಸಾದವರು ಗುರುತು ಹಿಡಿಯಲು ಹಾಗೆ ಕೇಳುತ್ತಾರೆ. "ಯಾಕೆ, ಬರೋಕೆ ಅದು ಬೇಕಾಗುತ್ತಾ?" ಅಂತ ನಗುತ್ತಾ ಕೇಳಿ. "ಅಯ್ಯೋ, ಹಾಗೇನಿಲ್ಲ, ಬನ್ನಿ" ಅಂತ ಬಂದರೆ ಸರಿ. ಪೈಕಿ ಗೊತ್ತಾದ ಮೇಲೆ ದನಿ ಬದಲಾದರೆ, ಅದು ಹೆಚ್ಚು ಪ್ರೀತಿಯ ಕಡೆಗೇ ಬದಲಾದರೂ, ಗಮನಿಸಿಟ್ಟುಕೊಳ್ಳಿ. ನಿಮ್ಮವರೇ ಅಂತ ಸಿಗುವ ಪ್ರೀತಿ ನಾಳೆ ಬೇರೆಯವರಿಗೆ ಸಿಗುವುದಿಲ್ಲ.

ಹೆಜ್ಜೆ 4: ಹಬ್ಬದ ದಿನ ಬಿಟ್ಟು ಬೇರೆ ದಿನ ಹೋಗಿ, ಊಟಕ್ಕೆ ಕೂರಿ

ಹಬ್ಬದ ದಿನ ಎಲ್ಲ ಕಡೆಯೂ ಸ್ವಾಗತ ಚೆನ್ನಾಗಿರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮಾಮೂಲಿ ವಾರದ ಒಂದು ದಿನ ಹೋಗಿ. ಇನ್ನೊಂದು ಸಲ ಕೆಲಸದ ದಿನ ಹೋಗಿ: ಶ್ರಮದಾನ, ಪಾತ್ರೆ ತೊಳೆಯುವುದು, ಆಸ್ಪತ್ರೆಯಲ್ಲಿ ಊಟ ಹಂಚುವುದು, ಏನಾದರೂ. ಹಾಗೇ ಊಟ ಇರುವ ದಿನ ತಪ್ಪಿಸಬೇಡಿ.

ಊಟದ ವಿಷಯವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಭೇದ ಇದ್ದರೆ ಅದು ಪ್ರವಚನದಲ್ಲಿ ಕಾಣುವುದಿಲ್ಲ, ಎಲೆಯ ಮುಂದೆ ಕಾಣುತ್ತದೆ. ಎಲ್ಲರಿಗೂ ಒಂದೇ ಹಾಲ್‌ನಲ್ಲಿ ಎಲೆ ಹಾಕುತ್ತಾರಾ, ಅಥವಾ "ನೀವು ಸ್ವಲ್ಪ ಆ ಕಡೆ ಬನ್ನಿ" ಅಂತ ಒಬ್ಬರು ಮೆಲ್ಲಗೆ ಬಂದು ಕರೆಯುತ್ತಾರಾ? ಒಂದೇ ಹಾಲ್ ಆದರೂ ಸಾಲು ಬೇರೆ ಇದೆಯಾ? ಒಂದು ಪಂಕ್ತಿ ಮುಗಿದ ಮೇಲೆ ಇನ್ನೊಂದು ಅಂತ ಇದ್ದರೆ ಮೊದಲ ಪಂಕ್ತಿಗೆ ಯಾರು ಕೂರುತ್ತಾರೆ? ಬಡಿಸುವವರ ಕೈ ಎಲ್ಲರ ಎಲೆಗೂ ಅಷ್ಟೇ ಹತ್ತಿರ ಬರುತ್ತದಾ, ಕೆಲವರಿಗೆ ಮಾತ್ರ ಸೌಟು ಎತ್ತರದಿಂದ ಬಗ್ಗುತ್ತದಾ? ಲೋಟ ಎಲ್ಲರಿಗೂ ಒಂದೇ ಥರದ್ದಾ? ಊಟ ಆದ ಮೇಲೆ ಎಲೆ ಯಾರು ತೆಗೆಯುತ್ತಾರೆ? ಎಲ್ಲರೂ ಅವರವರ ಎಲೆ ತೆಗೆದರೆ ಒಳ್ಳೆಯದು. ಕೆಲವರ ಎಲೆ ಬೇರೆಯವರು ತೆಗೆದು, ಇನ್ನು ಕೆಲವರು ಅವರದ್ದು ಅವರೇ ತೆಗೆಯಬೇಕಾದರೆ ಅಲ್ಲಿಗೆ ಉತ್ತರ ಸಿಕ್ಕಿತು. ಸಾಧ್ಯವಾದರೆ ಅಡುಗೆಮನೆಗೆ ಹೋಗಿ "ತರಕಾರಿ ಹೆಚ್ಚಿ ಕೊಡಲಾ?" ಅಂತ ಕೇಳಿ. ಈಳಿಗೆಮಣೆ ನಿಮ್ಮ ಕಡೆ ಸರಿಸಿದರೆ ನೀವು ಒಳಗೆ ಬಂದಿರಿ ಅಂತಲೇ ಅರ್ಥ.

ಹೆಂಗಸರಾದರೆ ಇನ್ನೂ ಎರಡು ನೋಡಿ. ತೀರ್ಮಾನ ಮಾಡುವ ಸಮಿತಿಯಲ್ಲಿ ಹೆಂಗಸರು ಇದ್ದಾರಾ, ಬರೀ ಅಡುಗೆ ಮತ್ತು ರಂಗೋಲಿಗೆ ಇದ್ದಾರಾ? ಗಂಡ ಸತ್ತವರನ್ನು, ಗಂಡನನ್ನು ಬಿಟ್ಟು ಬಂದವರನ್ನು ಮುಂದೆ ಕರೆದು ದೀಪ ಹಚ್ಚಿಸುತ್ತಾರಾ?

ಹೆಜ್ಜೆ 5: ನಿಜವಾದ ಪ್ರಶ್ನೆ ಒಂದನ್ನು ಕೇಳಿ

ಮೊದಲ ಸಲವೇ ಬೇಡ. ಎರಡು ಮೂರು ಸಲ ಹೋದ ಮೇಲೆ, ಪ್ರವಚನ ಮುಗಿದು ಜನ ಚದುರುವ ಹೊತ್ತಿಗೆ, ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆಯನ್ನು ಕೇಳಿ. "ಕರ್ಮದಿಂದ ಕಾಯಿಲೆ ಬರುತ್ತದೆ ಅಂದಿರಿ. ಹಾಗಾದರೆ ಹುಟ್ಟುತ್ತಲೇ ಕಾಯಿಲೆ ಇರುವ ಮಗುವಿನ ತಾಯಿಗೆ ಏನು ಹೇಳೋಣ?" ಇಂಥದ್ದು. ಉತ್ತರ ನಿಮಗೆ ಒಪ್ಪಿಗೆ ಆಗಬೇಕು ಅಂತೇನಿಲ್ಲ. "ನನಗೂ ಗೊತ್ತಿಲ್ಲ, ಯೋಚನೆ ಮಾಡೋಣ" ಅಂತ ಒಬ್ಬ ಸ್ವಾಮೀಜಿಯೋ ಪಾದ್ರಿಯೋ ಹೇಳಿದರೆ ಅವರ ಹತ್ತಿರ ಮತ್ತೆ ಹೋಗಿ. "ಅದನ್ನೆಲ್ಲ ಕೇಳಬಾರದು, ಶ್ರದ್ಧೆ ಇರಬೇಕು" ಅಂದರೆ ಗೌರವದಿಂದ ನಮಸ್ಕಾರ ಮಾಡಿ ಬನ್ನಿ. ಕೇಳಿದ್ದಕ್ಕೆ ಮುಂದಿನ ವಾರ ಉಳಿದವರು ಮಾತು ಬಿಟ್ಟರೆ, ಆಮೇಲೆ ಅಲ್ಲಿಗೆ ಹೋಗಬೇಡಿ.

ಎಲ್ಲಿ ಹುಷಾರಾಗಿರಬೇಕು

ಕೊಟ್ಟ ಹಣಕ್ಕೆ ರಸೀದಿ ಕೊಡದ ಕಡೆ, ಮನೆಯವರಿಂದ ದೂರ ಇರಿ ಅನ್ನುವ ಕಡೆ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅನ್ನುವ ಕಡೆ ಒಂದು ದಿನವೂ ನಿಲ್ಲಬೇಡಿ. ಎಲ್ಲ ಧರ್ಮದಲ್ಲೂ ಇಂಥವರಿದ್ದಾರೆ. ಉದಾರ ಮಾತಾಡುವ ಗುಂಪಿನಲ್ಲೂ ಒಬ್ಬರೇ ಯಜಮಾನಿಕೆ ಮಾಡುವುದುಂಟು. ಚುನಾವಣೆ ಹತ್ತಿರ ಬಂದಾಗ ವೇದಿಕೆಯ ಮೇಲೆ ಯಾರು ಬಂದು ಕೂರುತ್ತಾರೆ ಅನ್ನುವುದನ್ನೂ ನೋಡಿ.

ಮನೆಯಲ್ಲಿ ಹೇಳುವುದು

ನಮ್ಮ ಊರುಗಳಲ್ಲಿ ಸುದ್ದಿ ನಿಮಗಿಂತ ಮೊದಲು ಮನೆಗೆ ತಲುಪುತ್ತದೆ. "ನಿಮ್ಮ ಮಗಳನ್ನು ಚರ್ಚ್ ಹತ್ತಿರ ನೋಡಿದೆ" ಅಂತ ಅಂಗಡಿಯಲ್ಲಿ ಯಾರೋ ಹೇಳುವ ಮುಂಚೆ ನೀವೇ ಹೇಳಿ. "ಅಮ್ಮಾ, ನಾನು ಯಾವುದನ್ನೂ ಬಿಡ್ತಾ ಇಲ್ಲ. ಅಲ್ಲಿ ಏನು ಹೇಳ್ತಾರೆ ಕೇಳೋಕೆ ಹೋಗ್ತಾ ಇದ್ದೀನಿ. ಬೇಕಾದ್ರೆ ನೀನೂ ಬಾ." ಬಹಳ ಅಮ್ಮಂದಿರು ಬರುತ್ತಾರೆ. ಬಂದವರು ಅಡುಗೆಮನೆಯಲ್ಲಿ ನಿಮಗಿಂತ ಬೇಗ ಪರಿಚಯ ಮಾಡಿಕೊಳ್ಳುತ್ತಾರೆ.

ಹೋಗಿ ಕೂತು ಕೇಳುವುದು ಮತಾಂತರ ಅಲ್ಲ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಮುಂದೆ ನಿಜವಾಗಿಯೂ ಧರ್ಮ ಬದಲಿಸುವ ಯೋಚನೆ ಬಂದರೆ ಆಗಿನ ಕಾನೂನು ಏನಿದೆ ಅಂತ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮನೆಯಲ್ಲಿ ಹೊಡೆತ ಬಡಿತದ ಭಯ ಇದ್ದರೆ ಮೇಲಿನ ಮಾತು ನಿಮಗಲ್ಲ. ಓದು ಮುಗಿದು ನಿಮ್ಮ ಕಾಲ ಮೇಲೆ ನಿಲ್ಲುವವರೆಗೆ ಫೋನಿನಲ್ಲಿ, ಓದಿನಲ್ಲಿ ಮುಂದುವರಿಸಿ. ಅವಸರ ಇಲ್ಲ.

ಮದುವೆ, ಸಾವು

ಬಳಗ ಸಿಕ್ಕಿದ ಮೇಲೆ ಜನ ಮುಜುಗರ ಪಟ್ಟು ಕೇಳದೇ ಇರುವ ವಿಷಯ ಇದು. ನಾಳೆ ನಮ್ಮ ಮನೆಯಲ್ಲಿ ಸಾವಾದರೆ ಯಾರು ಬರುತ್ತಾರೆ? ಹೊರಲು ಜನ ಬೇಕು, ಜಾಗ ಬೇಕು, ಹನ್ನೊಂದನೇ ದಿನಕ್ಕೆ ಏನು ಮಾಡುವುದು ಅಂತ ತೀರ್ಮಾನ ಬೇಕು. ಸಂಪ್ರದಾಯ ಬಿಟ್ಟವರನ್ನು ಊರು ಹಿಡಿಯುವುದು ಆ ಹೊತ್ತಿನಲ್ಲೇ. ಮೊದಲೇ ಕೂತು ಮಾತಾಡಿ, ನಿಮ್ಮ ಇಷ್ಟ ಏನು ಅಂತ ಬರೆದು ಮನೆಯವರ ಕೈಲಿ ಒಂದು, ಬಳಗದವರ ಕೈಲಿ ಒಂದು ಕೊಡಿ.

ಮದುವೆಗೆ ದಾರಿ ಸುಲಭ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಧರ್ಮ ಬದಲಿಸದೇ ಮದುವೆಯಾಗಬಹುದು. 30 ದಿನದ ನೋಟಿಸ್, ಮೂವರು ಸಾಕ್ಷಿ ಬೇಕು. ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ ಅನ್ನುವುದು ನೆನಪಿರಲಿ. ಸಮಾರಂಭಕ್ಕೆ ಮಂತ್ರ ಮಾಂಗಲ್ಯ ಇದೆ.

ದೂರದ ಬಳಗಗಳು

ಸಿದ್ಧಾಂತಕ್ಕೆ ಸಹಿ ಹಾಕದೇ ಒಟ್ಟಿಗೆ ಆರಾಧನೆ ಮಾಡುವ ಪ್ರಯತ್ನ ನಮ್ಮ ದೇಶದಲ್ಲಿ ಹಳೆಯದೇ. ರಾಜಾ ರಾಮಮೋಹನ ರಾಯ್ 1828ರಲ್ಲಿ ಬ್ರಹ್ಮ ಸಮಾಜ ಶುರು ಮಾಡಿದರು. ಘಟ್ಟದ ಕೆಳಗೆ ಮಂಗಳೂರಿನಲ್ಲಿ 1870ರಲ್ಲೇ ಅದರ ಶಾಖೆ ಬಂತು. ದಲಿತರಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಬಳಗದವರು. ತ್ರಿತ್ವ ಒಪ್ಪದೆ ದೇವರು ಒಬ್ಬನೇ ಅನ್ನುವ ಕ್ರೈಸ್ತ ಮೂಲದ ಯೂನಿಟೇರಿಯನ್ ಸಭೆ ಚೆನ್ನೈಯಲ್ಲಿ 1795ರಲ್ಲಿ ಶುರುವಾಯಿತು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ 1887ರಲ್ಲಿ ಶುರು ಮಾಡಿದ ಯೂನಿಟೇರಿಯನ್ ಸಭೆ ಇವತ್ತಿಗೂ ಜೀವಂತವಾಗಿದೆ. ಅಮೆರಿಕದಲ್ಲಿ ಯೂನಿಟೇರಿಯನ್ ಮತ್ತು ಯೂನಿವರ್ಸಲಿಸ್ಟ್ ಸಭೆಗಳು 1961ರಲ್ಲಿ ಒಂದಾದವು. ಏನು ನಂಬುತ್ತೀರಿ ಅಂತ ಅವರು ಕೇಳುವುದಿಲ್ಲ, ಹೇಗೆ ಒಟ್ಟಿಗೆ ಬಾಳೋಣ ಅಂತ ಮಾತು ಕೊಟ್ಟುಕೊಳ್ಳುತ್ತಾರೆ. ಅವರ ಆರಾಧನೆಯನ್ನು ಫೋನಿನಲ್ಲೇ ನೋಡಬಹುದು. ಇಂಗ್ಲಿಷ್ ಬರಬೇಕು ಅಷ್ಟೇ. ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರ ಇನ್ನೊಂದು ದಾರಿ. ಊಟ ವಸತಿಗೆ ಹಣ ಕೇಳುವುದಿಲ್ಲ, ಧರ್ಮ ಬದಲಿಸಬೇಕಾಗಿಲ್ಲ. ಆದರೆ ಅಲ್ಲಿ ಮೊದಲ ಒಂಬತ್ತು ದಿನ ಜೊತೆಯವರೊಂದಿಗೆ ಮಾತಾಡುವಂತಿಲ್ಲ. ಬಳಗಕ್ಕಾಗಿ ಹೋಗುವವರು ಇದನ್ನು ತಿಳಿದು ಹೋಗಿ.

ಫೋನಿನ ಬಳಗದಿಂದ ವಿಚಾರ ಸಿಗುತ್ತದೆ. ಜ್ವರ ಬಂದಾಗ ಗಂಜಿ ತಂದುಕೊಡುವವರು ಹತ್ತಿರದಲ್ಲೇ ಇರಬೇಕು.

ಎಲ್ಲೂ ಸರಿಹೋಗದಿದ್ದರೆ ನೀವೇ ಶುರು ಮಾಡಿ

ಐದಾರು ಜನ ಸಾಕು. ಒಬ್ಬರ ಮನೆಯ ಜಗುಲಿ ಸಾಕು. ತಿಂಗಳಿಗೆ ಒಂದು ಸಲ ಸಾಕು, ಆದರೆ ದಿನ ಬದಲಿಸಬೇಡಿ. ಹದಿನೈದು ನಿಮಿಷ ಮೌನ. ಆಮೇಲೆ ಒಬ್ಬರು ತಮಗೆ ಇಷ್ಟವಾದ್ದನ್ನು ಓದಲಿ: ವಚನ, ಕುರಾನಿನ ಸಾಲು, ಬುದ್ಧನ ಮಾತು, ಯೇಸು ಹೇಳಿದ ದೃಷ್ಟಾಂತ ಕಥೆ, ಯಾವುದಾದರೂ. ಪ್ರತಿಯೊಬ್ಬರೂ ಒಂದೊಂದು ಸಲ ಮಾತಾಡಲಿ, ಆ ಸುತ್ತಿನಲ್ಲಿ ಯಾರೂ ಯಾರಿಗೂ ಉತ್ತರ ಕೊಡುವುದು ಬೇಡ. ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಅನ್ನುವ ಆಲುವದ ನಿಯಮ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಗೆ ಕಾಫಿ. ತಿಂಡಿ ಸಸ್ಯಾಹಾರವೇ ಇರಲಿ, ಎಲ್ಲರೂ ತಿನ್ನುವ ಹಾಗೆ. ಸೂರ್ಯ ಮುಳುಗುವ ಮುಂಚೆ ತಿನ್ನುವ ಜೈನರೂ ಉಪವಾಸ ಬಿಡುವ ಮುಸ್ಲಿಮರೂ ಬರುವುದಾದರೆ ಹೊತ್ತನ್ನು ಕೇಳಿ ಇಟ್ಟುಕೊಳ್ಳಿ.

ಕೆಲವು ಮಾತು ಮೊದಲೇ ಆಗಲಿ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಪಕ್ಷದ ಪ್ರಚಾರ ಬೇಡ. ಯಾರನ್ನೂ ಯಾವುದಕ್ಕೂ ಸೇರಿಸುವ ಪ್ರಯತ್ನ ಬೇಡ. ವಾಟ್ಸಾಪ್ ಗುಂಪು ದಿನ, ಜಾಗ ತಿಳಿಸಲು ಮಾತ್ರ. ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡ್ ಶುರುವಾದರೆ ಒಂದೇ ತಿಂಗಳಲ್ಲಿ ಗುಂಪು ಒಡೆಯುತ್ತದೆ.

ಆಷಾಢ, ಶ್ರಾವಣದ ಮಳೆಯಲ್ಲಿ ಹಳ್ಳಿಯಿಂದ ಬರುವವರು ಬರಲಾರರು. ಅಡಿಕೆ ಕೊಯ್ಲು ಶುರುವಾದ ಮೇಲೆ ತೋಟದವರು ಯಾರೂ ಸಿಗುವುದಿಲ್ಲ. ಜನವರಿ ಕೊನೆಯಿಂದ ಮೇ ತನಕ ಕೂಟ ಗಟ್ಟಿ ಮಾಡಿಕೊಳ್ಳಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡಿ ಮುಗಿಸುವ ಸಮಯ ಇಡಿ. ಬಸ್ಸು ತಪ್ಪಿದರೆ ಯಾರ ಮನೆಯಲ್ಲಿ ಮಲಗುವುದು ಅಂತಲೂ ಮೊದಲೇ ಹೇಳಿರಿ, ಆಗ ಹೆಂಗಸರೂ ಧೈರ್ಯವಾಗಿ ಬರುತ್ತಾರೆ. ಹೊಸಬರು ಬಂದ ವಾರದಲ್ಲೇ ಒಬ್ಬರು ಅವರಿಗೆ ಫೋನ್ ಮಾಡಿ, ಮುಂದಿನ ಸಲದ ಓದು ಅವರದ್ದೇ ಇರಲಿ ಅಂತ ಕೇಳಿ.